ಬೋಟಿನ ಪೆಟ್ಟಿಗೆಯಲ್ಲಿ ಲಿನಕ್ಸ್: ಸಿಸ್ಟಮ್ ಕಾಲ್ ಖರ್ಚು ಅಳೆಯುವುದು, ಇಳಿಸುವುದು

ಸಣ್ಣ ಬೋರ್ಡ್ ಮೇಲೆ ಲಿನಕ್ಸ್ ಓಡಿಸುವಾಗ ಪ್ರೋಗ್ರಾಂ ನಿಧಾನವಾಯಿತು ಅಂದರೆ ಎರಡು ಮಾತು ಕೇಳಿಬರುತ್ತವೆ. ಪ್ರೊಸೆಸರ್ ಸಾಲುವುದಿಲ್ಲ, ದೊಡ್ಡದು ಹಾಕು ಅನ್ನುವುದು ಒಂದು. ಸಿಸ್ಟಮ್ ಕಾಲ್ (ಪ್ರೋಗ್ರಾಂ ಒಂದು ಕೆಲಸಕ್ಕಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕರೆಯುವುದು) ಜಾಸ್ತಿ ಆಗಿದೆ, ಅದಕ್ಕೇ ಹೀಗೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದು ಅರ್ಧ ನಿಜ. ಒಂದು ಸಿಸ್ಟಮ್ ಕಾಲ್‌ಗೆ ತಗಲುವ ಖರ್ಚು ಬಹಳ ಕಡಿಮೆ. ಅದರ ಬೆನ್ನಿಗೆ ಬರುವ ಖರ್ಚೇ ಹೆಚ್ಚು. ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ, ನೋಡಿದ ಮೇಲೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ನೆ ಬಿಡಬೇಕು ಅಂತ ಬರೆಯುತ್ತೇನೆ.

ನಾನು ಕಾರವಾರದ ಕೋಡಿಬಾಗದಲ್ಲಿ ಕೂತು ಬೈತಖೋಲ ಬಂದರಿನ ಬೋಟ್‌ಗಳ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ಸೆಟ್ ರಿಪೇರಿ ಮಾಡುವವನು. ಜೊತೆಗೆ ಕೆಲವು ಪರ್ಸೀನ್ ಬೋಟ್‌ಗಳಿಗೆ ಲಾಗರ್ ಪೆಟ್ಟಿಗೆ ಮಾಡಿಕೊಟ್ಟಿದ್ದೇನೆ. ಒಳಗೆ ಇರುವುದು ಬೀಗಲ್‌ಬೋನ್ ಬ್ಲ್ಯಾಕ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ3358 ಚಿಪ್, ಒಂದೇ ಒಂದು ಕಾರ್ಟೆಕ್ಸ್-ಎ8 ಕೋರ್, 1 ಗಿಗಾಹರ್ಟ್ಸ್, 512 ಎಂಬಿ ರ‍್ಯಾಮ್. ಅದು ಜಿಪಿಎಸ್ ಮತ್ತು ಎಐಎಸ್ (ಸುತ್ತಲಿನ ಹಡಗು, ಬೋಟ್‌ಗಳು ತಮ್ಮ ಗುರುತು, ಜಾಗವನ್ನು ರೇಡಿಯೋದಲ್ಲಿ ಹೇಳುವ ವ್ಯವಸ್ಥೆ) ಸಾಲುಗಳನ್ನು ಓದುತ್ತದೆ, ಬ್ಯಾಟರಿ ವೋಲ್ಟೇಜ್ ನೋಡುತ್ತದೆ, ಎಂಜಿನ್ ಆರ್‌ಪಿಎಂ ಎಣಿಸುತ್ತದೆ, ಎಲ್ಲವನ್ನೂ ಕಾರ್ಡಿಗೆ ಬರೆಯುತ್ತದೆ. ಎಂಜಿನ್ ನಿಲ್ಲಿಸಿ ಲಂಗರು ಹಾಕಿದಾಗ ಪೆಟ್ಟಿಗೆ ಬರೀ ಬ್ಯಾಟರಿ ಮೇಲೆ ಓಡಬೇಕು. ಹಾಗಾಗಿ ನನಗೆ ವೇಗಕ್ಕಿಂತ ಪ್ರೊಸೆಸರ್ ಎಷ್ಟು ಹೊತ್ತು ಮಲಗಿರುತ್ತದೆ ಅನ್ನುವುದೇ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಈ ಕೆಲಸಕ್ಕೆಲ್ಲ ಆ ಎರಡು ತಿಂಗಳೇ ನನಗೆ ಸೀಸನ್.

ಕರ್ನಲ್ ಒಳಗೆ ಹೋಗಿ ಬರುವುದು ಅಂದರೆ

ನಿಮ್ಮ ಪ್ರೋಗ್ರಾಂ 'ರೀಡ್' ಅಂತ ಕರೆಯುತ್ತದೆ. ಸಿ ಲೈಬ್ರರಿ ಆ ಕರೆಯ ನಂಬರನ್ನು ಆರ್7 ರಿಜಿಸ್ಟರಿಗೆ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಹಾಕುತ್ತದೆ. 32 ಬಿಟ್ ಎಆರ್‌ಎಂನಲ್ಲಿ ರೀಡ್‌ಗೆ 3, ರೈಟ್‌ಗೆ 4. ಆರ್0ರಿಂದ ಮುಂದಕ್ಕೆ ಆರ್ಗ್ಯುಮೆಂಟ್‌ಗಳು. ಆಮೇಲೆ ಎಸ್‌ವಿಸಿ ಅನ್ನುವ ಒಂದು ಇನ್‌ಸ್ಟ್ರಕ್ಷನ್. ಅಲ್ಲಿಗೆ ಪ್ರೊಸೆಸರ್ ಸೂಪರ್‌ವೈಸರ್ ಮೋಡ್‌ಗೆ ಹೋಗುತ್ತದೆ. ಕರ್ನಲ್ ನಿಮ್ಮ ರಿಜಿಸ್ಟರ್‌ಗಳನ್ನು ಸ್ಟ್ಯಾಕ್ ಮೇಲೆ ಎತ್ತಿಡುತ್ತದೆ, ನಂಬರ್ ನೋಡಿ ಟೇಬಲ್‌ನಿಂದ ಫಂಕ್ಷನ್ ಹುಡುಕುತ್ತದೆ, ಕೆಲಸ ಮಾಡುತ್ತದೆ. ವಾಪಸ್ ಬರುವ ಮುಂಚೆ ಸಿಗ್ನಲ್ ಏನಾದರೂ ಬಾಕಿ ಇದೆಯಾ, ಬೇರೆ ಪ್ರೋಗ್ರಾಂಗೆ ಜಾಗ ಬಿಡಬೇಕಾ ಅಂತ ನೋಡುತ್ತದೆ. 64 ಬಿಟ್‌ನಲ್ಲಿ ಆರ್7ರ ಬದಲು ಎಕ್ಸ್8. ರಿಸ್ಕ್-ಫೈವ್‌ನಲ್ಲಿ ಇನ್‌ಸ್ಟ್ರಕ್ಷನ್ ಹೆಸರು ಇಕಾಲ್, ನಂಬರ್ ಎ7ರಲ್ಲಿ. ವ್ಯವಹಾರ ಎಲ್ಲ ಕಡೆ ಒಂದೇ.

ಇಷ್ಟಕ್ಕೆ 1 ಗಿಗಾಹರ್ಟ್ಸ್ ಆಸುಪಾಸಿನ ಬೋರ್ಡ್‌ಗಳಲ್ಲಿ ಕೆಲವು ನೂರು ನ್ಯಾನೋಸೆಕೆಂಡಿನಿಂದ ಒಂದೆರಡು ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಲೆಕ್ಕ ಮಾಡಲು 1 ಮೈಕ್ರೋಸೆಕೆಂಡ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1,000 ಕರೆ ಆದರೆ 1 ಮಿಲಿಸೆಕೆಂಡ್, ಅಂದರೆ ಪ್ರೊಸೆಸರಿನ ಸಾವಿರದಲ್ಲಿ ಒಂದು ಪಾಲು. ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಸೆಕೆಂಡಿಗೆ 1 ಲಕ್ಷ ಆದರೆ ಶೇಕಡ 10. ಅದು ನೋಡಬೇಕಾದ ವಿಷಯ.

ಈ ಲೆಕ್ಕಕ್ಕೆ ಸಿಗದ ಎರಡು ಖರ್ಚು ಇವೆ. ಒಂದು ಕ್ಯಾಶ್, ಅಂದರೆ ಪ್ರೊಸೆಸರ್ ಜೊತೆಗಿರುವ ಚಿಕ್ಕ, ವೇಗದ ಮೆಮೊರಿ. ಈ ಎ8ಗೆ ಎಲ್1 ಕ್ಯಾಶ್ ಇರುವುದು ಕೋಡಿಗೆ 32 ಕೆಬಿ, ಡೇಟಾಗೆ 32 ಕೆಬಿ. ಎಲ್2 256 ಕೆಬಿ. ಕರ್ನಲ್ ಕೋಡ್ ಒಳಗೆ ಬಂದಾಗ ನಿಮ್ಮ ಕೋಡ್ ಹೊರಗೆ ಬೀಳುತ್ತದೆ. ವಾಪಸ್ ಬಂದ ಮೇಲೆ ಸ್ವಲ್ಪ ಹೊತ್ತು ಎಲ್ಲವೂ ನಿಧಾನ. ಆದರೆ ಆ ನಷ್ಟ ನಿಮ್ಮ ಫಂಕ್ಷನ್‌ನ ಲೆಕ್ಕಕ್ಕೆ ಬೀಳುತ್ತದೆಯೇ ಹೊರತು ಸಿಸ್ಟಮ್ ಕಾಲ್ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಮಲಗಿ ಏಳುವ ಖರ್ಚು. ಡೇಟಾ ಇನ್ನೂ ಬಂದಿಲ್ಲ ಅಂತಾದರೆ ಕರ್ನಲ್ ನಿಮ್ಮ ಪ್ರೋಗ್ರಾಂ ಅನ್ನು ಮಲಗಿಸುತ್ತದೆ. ಬಂದಾಗ ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರನ್ನು ಕರೆಯುವುದು), ಡ್ರೈವರಿನ ಕೆಲಸ, ಶೆಡ್ಯೂಲರ್, ಕಾಂಟೆಕ್ಸ್ಟ್ ಸ್ವಿಚ್ (ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದಕ್ಕೆ ಹೋಗುವುದು), ಎಲ್ಲ ಸೇರಿ ಹತ್ತಾರು ಮೈಕ್ರೋಸೆಕೆಂಡ್ ಹೋಗುತ್ತದೆ. ನನ್ನ ಪೆಟ್ಟಿಗೆಯ ಬ್ಯಾಟರಿ ತಿನ್ನುವುದು ಬಹುಪಾಲು ಇದೇ. ಎಆರ್‌ಎಂ926 ಇರುವ ಹಳೇ ಬೋರ್ಡ್ ನಿಮ್ಮ ಕೈಯಲ್ಲಿದ್ದರೆ ಇದು ಇನ್ನೂ ಜಾಸ್ತಿ. ಅದರ ಕ್ಯಾಶ್ ವರ್ಚುವಲ್ ಅಡ್ರೆಸ್ ನೋಡಿ ನಡೆಯುತ್ತದೆ, ಹಾಗಾಗಿ ಪ್ರೋಗ್ರಾಂ ಬದಲಾದಾಗಲೆಲ್ಲ ಕ್ಯಾಶ್ ಖಾಲಿ ಮಾಡಬೇಕಾಗುತ್ತದೆ.

ಮೊದಲು ಅಳತೆ

ಅಳೆಯುವ ಮುಂಚೆ ಪ್ರೊಸೆಸರಿನ ವೇಗ ಕಟ್ಟಿಹಾಕಿ. ಸಿಪಿಯು ಫ್ರೀಕ್ವೆನ್ಸಿ ಗವರ್ನರ್ 'ಆನ್‌ಡಿಮಾಂಡ್'ನಲ್ಲಿದ್ದರೆ ಒಂದು ಸಲ ಒಂದು ಲೆಕ್ಕ, ಇನ್ನೊಂದು ಸಲ ಇನ್ನೊಂದು ಲೆಕ್ಕ ಬರುತ್ತದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸೆಟ್ಟಿಂಗ್, ಸಾಧನಗಳನ್ನು ಫೈಲ್ ಥರ ತೋರಿಸುವ ಜಾಗ) ಸಿಪಿಯು0 ಒಳಗಿನ 'ಸ್ಕೇಲಿಂಗ್ ಗವರ್ನರ್' ಫೈಲಿಗೆ 'ಪರ್ಫಾರ್ಮೆನ್ಸ್' ಅಂತ ಬರೆದು ಶುರು ಮಾಡಿ. ಕೆಲಸ ಮುಗಿದ ಮೇಲೆ ಮೊದಲಿದ್ದದ್ದಕ್ಕೆ ವಾಪಸ್ ಇಡಿ, ಇಲ್ಲದಿದ್ದರೆ ಬ್ಯಾಟರಿ ಕಥೆ ಮುಗಿಯಿತು.

ನಿಮ್ಮ ಬೋರ್ಡಿನಲ್ಲಿ ಒಂದು ಕರೆಗೆ ಎಷ್ಟು ಅಂತ ತಿಳಿಯಲು ಯಾವ ಟೂಲೂ ಹಾಕಬೇಕಾಗಿಲ್ಲ. ಡೇಟಾ ನಕಲು ಮಾಡುವ 'ಡಿಡಿ' ಕಮಾಂಡ್ ಸಾಕು. ಅದು ಸಣ್ಣ ಬೋರ್ಡ್‌ಗಳ ಕಮಾಂಡ್ ಗಂಟಾದ ಬ್ಯುಸಿಬಾಕ್ಸ್‌ನಲ್ಲೂ ಇರುತ್ತದೆ. ಇನ್‌ಪುಟ್ ಫೈಲ್ 'ಡೆವ್ ಜೀರೋ', ಔಟ್‌ಪುಟ್ ಫೈಲ್ 'ಡೆವ್ ನಲ್', ಬ್ಲಾಕ್ ಸೈಜ್ 1, ಕೌಂಟ್ 10 ಲಕ್ಷ ಅಂತ ಕೊಡಿ. ಮುಂದೆ 'ಟೈಮ್' ಸೇರಿಸಿ ಓಡಿಸಿ. ಪ್ರತಿ ಬೈಟ್‌ಗೂ ಒಂದು ರೀಡ್, ಒಂದು ರೈಟ್. ಒಟ್ಟು 20 ಲಕ್ಷ ಕರೆ. 2 ಸೆಕೆಂಡ್ ಆಯಿತು ಅಂತಿಟ್ಟುಕೊಳ್ಳಿ, ಕರೆಗೆ 1 ಮೈಕ್ರೋಸೆಕೆಂಡ್ ಬಿತ್ತು. ಈಗ ಬ್ಲಾಕ್ ಸೈಜ್ 4096, ಕೌಂಟ್ 244 ಮಾಡಿ. ಹೆಚ್ಚು ಕಡಿಮೆ ಅಷ್ಟೇ ಬೈಟ್, ಆದರೆ ಕರೆ ಬರೀ 488. ಎಂಟರ್ ಒತ್ತಿ ಬೆರಳು ಎತ್ತುವುದರೊಳಗೆ ಮುಗಿದಿರುತ್ತದೆ. ಒಂದೊಂದೇ ಬೈಟ್ ತರುವುದು ಅಂದರೆ ಶಿರಸಿಯವರು ಒಂದೊಂದು ಬಂಗಡೆಗೂ ಒಂದೊಂದು ಸಲ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು ಹೋದ ಹಾಗೆ.

ನೀವೇ ಸಿ ಪ್ರೋಗ್ರಾಂ ಬರೆದು ಅಳೆಯುವುದಾದರೆ 'ಗೆಟ್‌ಪಿಪಿಐಡಿ' ಕರೆಯಿರಿ. 'ಗೆಟ್‌ಪಿಐಡಿ' ಬೇಡ. ಹಳೇ ಜಿಲಿಬ್‌ಸಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) ಅದರ ಉತ್ತರವನ್ನು ತನ್ನಲ್ಲೇ ಇಟ್ಟುಕೊಂಡು ಕರ್ನಲ್‌ಗೆ ಹೋಗದೆ ಹೇಳುತ್ತಿತ್ತು. 2017ರಲ್ಲಿ ಬಂದ 2.25ರಿಂದ ಅದು ನಿಂತಿದೆ. ಹಳೇ ಬೋರ್ಡ್ ಸಪೋರ್ಟ್ ಪ್ಯಾಕೇಜ್ ಇಟ್ಟುಕೊಂಡವರಿಗೆ ಈಗಲೂ ಸುಳ್ಳು ಲೆಕ್ಕ ಸಿಗಬಹುದು.

ಇನ್ನು ನಿಮ್ಮ ಪ್ರೋಗ್ರಾಂ ಎಷ್ಟು ಕರೆ ಮಾಡುತ್ತಿದೆ ಅಂತ ನೋಡಬೇಕು. ಹೆಚ್ಚಿನವರು ಸೀದಾ ಸ್ಟ್ರೇಸ್‌ಗೆ, ಅಂದರೆ ಪ್ರತಿ ಕರೆಯನ್ನೂ ಹಿಡಿದು ತೋರಿಸುವ ಟೂಲ್‌ಗೆ, ಹೋಗುತ್ತಾರೆ. ನಾನು ಮೊದಲು ಪ್ರಾಕ್ ಫೈಲ್‌ಗಳನ್ನು (ಓಡುವ ಪ್ರೋಗ್ರಾಂಗಳ ಲೆಕ್ಕವನ್ನು ಕರ್ನಲ್ ತೋರಿಸುವ ಜಾಗ) ನೋಡುತ್ತೇನೆ, ಅವು ಪ್ರೋಗ್ರಾಂ ಅನ್ನು ನಿಧಾನ ಮಾಡುವುದಿಲ್ಲ. ಪ್ರಾಕ್ ಒಳಗೆ ನಿಮ್ಮ ಪ್ರೋಗ್ರಾಂ ನಂಬರಿನ ಫೋಲ್ಡರಿನಲ್ಲಿ 'ಐಒ' ಅಂತ ಫೈಲ್ ಇದೆ. ಅದರಲ್ಲಿ 'ಸಿಸ್‌ಸಿಆರ್' ಅಂದರೆ ರೀಡ್ ಥರದ ಕರೆಗಳ ಎಣಿಕೆ, 'ಸಿಸ್‌ಸಿಡಬ್ಲ್ಯೂ' ಅಂದರೆ ರೈಟ್ ಥರದ್ದು. ಆ ಫೈಲೇ ಇಲ್ಲ ಅಂದರೆ ಕರ್ನಲ್ ಕಾನ್ಫಿಗ್‌ನಲ್ಲಿ ಟಾಸ್ಕ್ ಐಒ ಅಕೌಂಟಿಂಗ್ ಆನ್ ಮಾಡಿ. ಅದೇ ಫೋಲ್ಡರಿನ 'ಸ್ಟೇಟಸ್' ಫೈಲಿನ ಕೊನೆಯಲ್ಲಿ ವಾಲಂಟರಿ ಮತ್ತು ನಾನ್‌ವಾಲಂಟರಿ ಕಾಂಟೆಕ್ಸ್ಟ್ ಸ್ವಿಚ್ ಎಣಿಕೆ ಇರುತ್ತದೆ. ವಾಲಂಟರಿ ಅಂದರೆ ಪ್ರೋಗ್ರಾಂ ತಾನಾಗಿ ಮಲಗಿದ ಲೆಕ್ಕ. ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ನೋಡಿ ಕಳೆಯಿರಿ.

ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ರೋಗ ಗೊತ್ತಾಗುತ್ತದೆ. ಕರೆ ಬಹಳ, ಮಲಗಿದ್ದು ಕಡಿಮೆ ಅಂದರೆ ಹೋಗಿ ಬರುವ ಖರ್ಚೇ ನಿಮ್ಮ ತೊಂದರೆ, ಬಫರ್ ದೊಡ್ಡದು ಮಾಡಿ. ಕರೆಯೂ ಬಹಳ, ಮಲಗಿದ್ದೂ ಬಹಳ ಅಂದರೆ ಎಬ್ಬಿಸುವುದನ್ನು ಕಡಿಮೆ ಮಾಡಬೇಕು. ಎರಡೂ ಕಡಿಮೆ ಇದ್ದು ಪ್ರೊಸೆಸರ್ ಮಾತ್ರ ಬಿಸಿಯಾಗಿದೆ ಅಂದರೆ ಟಾಪ್‌ನಲ್ಲಿ ಯೂಸರ್ ಸಮಯ ನೋಡಿ. ಅದು ನಿಮ್ಮದೇ ಕೋಡ್. ಸಿಸ್ಟಮ್ ಕಾಲ್‌ಗೆ ಬೈದು ಪ್ರಯೋಜನ ಇಲ್ಲ.

ಆಮೇಲೆ ಸ್ಟ್ರೇಸ್. 'ಮೈನಸ್ ಸಿ, ಮೈನಸ್ ಎಫ್, ಮೈನಸ್ ಪಿ' ಮತ್ತು ಪ್ರೋಗ್ರಾಂ ನಂಬರ್. ಸ್ವಲ್ಪ ಹೊತ್ತು ಬಿಟ್ಟು ಕಂಟ್ರೋಲ್ ಸಿ ಒತ್ತಿದರೆ ಯಾವ ಕರೆ ಎಷ್ಟು ಸಲ ಅಂತ ಪಟ್ಟಿ ಕೊಡುತ್ತದೆ. ಎಣಿಕೆಯನ್ನಷ್ಟೇ ನಂಬಿ, ಸಮಯವನ್ನು ನಂಬಬೇಡಿ. ಸ್ಟ್ರೇಸ್ ಪ್ರತಿ ಕರೆಗೂ ಪ್ರೋಗ್ರಾಂ ಅನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿಲ್ಲಿಸುತ್ತದೆ. ಒಂದೇ ಕೋರ್ ಇರುವ ಬೋರ್ಡಿನಲ್ಲಿ ಅದರ ಭಾರ ತಡೆಯುವುದಿಲ್ಲ. ಪರ್ಫ್ ಟ್ರೇಸ್ ಇದ್ದರೆ ಅದು ಹಗುರ.

ಸೀರಿಯಲ್ ಪೋರ್ಟ್: ಜಾಸ್ತಿ ಲಾಭ ಇಲ್ಲಿ

ಜಿಪಿಎಸ್ ಸೆಟ್ ಎನ್‌ಎಂಇಎ 0183 (ಬೋಟಿನ ಉಪಕರಣಗಳು ಮಾತಾಡುವ ಕ್ರಮ) ಸಾಲುಗಳನ್ನು 4800 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 4800 ಬಿಟ್‌ನಂತೆ, ಕಳಿಸುತ್ತದೆ. ಒಂದು ಬೈಟ್‌ಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಬೈಟ್. ಎಐಎಸ್ 38400 ಬಾಡ್, ಪೂರ್ತಿ ತುಂಬಿ ಬಂದರೆ 3840 ಬೈಟ್. ಪ್ರತಿ ಬೈಟ್‌ಗೂ ಒಂದು ರೀಡ್ ಮಾಡಿದರೂ ಹೋಗಿ ಬರುವ ಖರ್ಚು ಎಐಎಸ್‌ಗೆ ಸೆಕೆಂಡಿಗೆ 4 ಮಿಲಿಸೆಕೆಂಡಿನೊಳಗೆ. ಏನೂ ಅಲ್ಲ. ಆದರೆ ಪ್ರತಿ ಬೈಟ್‌ಗೂ ಎದ್ದು ಮಲಗಿದರೆ? ಏಳುವುದಕ್ಕೆ 30 ಮೈಕ್ರೋಸೆಕೆಂಡ್ ಹಿಡಿದು ಗುಣಿಸಿ ನೋಡಿ. 115 ಮಿಲಿಸೆಕೆಂಡ್. ಪ್ರೊಸೆಸರಿನ ಒಂಬತ್ತರಲ್ಲಿ ಒಂದು ಪಾಲು ಬರೀ ಸಾಲು ಓದುವುದಕ್ಕೇ ಹೋಯಿತು. ಚಿಪ್‌ನ ಯುಎಆರ್‌ಟಿಯಲ್ಲಿ (ಸೀರಿಯಲ್ ಪೋರ್ಟಿನ ಹಾರ್ಡ್‌ವೇರ್) 64 ಬೈಟ್ ಹಿಡಿಯುವ ಫಿಫೋ ಇದೆ, ಅದು ಬೈಟ್‌ಗಳನ್ನು ಸ್ವಲ್ಪ ಕೂಡಿಹಾಕಿ ಇಂಟರಪ್ಟ್ ಕೊಡುವುದರಿಂದ ವಾಸ್ತವದಲ್ಲಿ ಇಷ್ಟು ಕೆಟ್ಟದಾಗುವುದಿಲ್ಲ. ಆದರೂ ಇದು ಸುಮ್ಮನೆ ಹೋಗುವ ಖರ್ಚು.

ಎಲ್ಲರೂ ಸೀರಿಯಲ್ ಪೋರ್ಟ್ ತೆರೆದ ಕೂಡಲೇ 'ಸಿಎಫ್‌ಮೇಕ್‌ರಾ' ಕರೆಯುತ್ತಾರೆ. ಎಲ್ಲಿಂದಲೋ ಎತ್ತಿದ ಕೋಡಿನಲ್ಲಿ ಅದು ಇದ್ದೇ ಇರುತ್ತದೆ. ಅದು ಪೋರ್ಟನ್ನು ಬಂದದ್ದನ್ನು ಹಾಗೇ ದಾಟಿಸುವ ರಾ ಮೋಡ್‌ಗೆ ಹಾಕಿ, ಕನಿಷ್ಠ ಎಷ್ಟು ಬೈಟ್‌ಗೆ ಕಾಯಬೇಕು ಅನ್ನುವ 'ವಿಮಿನ್' ಅನ್ನು 1 ಮಾಡುತ್ತದೆ. ಹಾಗಾದಾಗ ನೀವು 256 ಬೈಟ್ ಬಫರ್ ಕೊಟ್ಟರೂ ಒಂದೇ ಒಂದು ಬೈಟ್ ಬಂದ ಕೂಡಲೇ ರೀಡ್ ವಾಪಸ್ ಬರುತ್ತದೆ. ಬಫರ್ ದೊಡ್ಡದು ಕೊಟ್ಟೆನಲ್ಲ, ಇನ್ನೇನು ಅಂತ ಕೂತವರಿಗೆ ಲೆಕ್ಕ ಹೊಂದುವುದಿಲ್ಲ.

ಎನ್‌ಎಂಇಎ ಸಾಲಿಗೆ ರಾ ಮೋಡ್ ಬೇಕಾಗೇ ಇಲ್ಲ. ಸಾಲು ಹೆಚ್ಚೆಂದರೆ 82 ಅಕ್ಷರ, ಕೊನೆಗೆ ಸಾಲು ಮುಗಿಯಿತು ಅನ್ನುವ ಎರಡು ಗುರುತು, ಸಿಆರ್ ಮತ್ತು ಎಲ್ಎಫ್. ಎಐಎಸ್ ಸಾಲೂ ಹಾಗೇ ಮುಗಿಯುತ್ತದೆ. ಟರ್ಮಿನಲ್‌ನ ಹಳೇ ಕ್ಯಾನಾನಿಕಲ್ ಮೋಡ್ ಇದಕ್ಕೆಂದೇ ಮಾಡಿದ ಹಾಗಿದೆ. 'ಐಕ್ಯಾನಾನ್' ಆನ್ ಮಾಡಿ. 'ಇಗ್ನ್‌ಸಿಆರ್' ಆನ್ ಮಾಡಿ, ಸಿಆರ್ ತಾನೇ ಬಿದ್ದು ಹೋಗುತ್ತದೆ. 'ಎಕೋ' ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಂದ ಸಾಲನ್ನೆಲ್ಲ ಕರ್ನಲ್ ಜಿಪಿಎಸ್ ಸೆಟ್‌ಗೇ ವಾಪಸ್ ಕಳಿಸುತ್ತದೆ. ಈಗ ಕರ್ನಲ್ ಒಳಗೇ ಸಾಲು ಪೂರ್ತಿಯಾಗುವ ತನಕ ಕಾಯುತ್ತದೆ. ಎಲ್ಎಫ್ ಬಂದಾಗ ಮಾತ್ರ ನಿಮ್ಮನ್ನು ಎಬ್ಬಿಸುತ್ತದೆ. ಒಂದು ರೀಡ್‌ಗೆ ಒಂದು ಪೂರ್ತಿ ಸಾಲು. ಸೆಕೆಂಡಿಗೆ 480 ಇದ್ದದ್ದು ಆರೇಳಕ್ಕೆ ಇಳಿಯುತ್ತದೆ. ನಿಮ್ಮ ಕೋಡಿನಲ್ಲಿ ಬೈಟ್ ಕೂಡಿಸಿ ಸಾಲು ಮಾಡುವ ಭಾಗವನ್ನೂ ಅಳಿಸಿಹಾಕಬಹುದು.

ಬೈನರಿ ಡೇಟಾ ಬರುವ ಸಾಧನಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ವಿಮಿನ್ 64, 'ವಿಟೈಮ್' 1 ಇಡಿ. ವಿಟೈಮ್ ಲೆಕ್ಕ ಸೆಕೆಂಡಿನ ಹತ್ತನೇ ಒಂದರಲ್ಲಿ. 64 ಬೈಟ್ ಆದಾಗ, ಅಥವಾ ಮೊದಲ ಬೈಟ್ ಬಂದ ಮೇಲೆ ಹರಿವು 0.1 ಸೆಕೆಂಡ್ ನಿಂತಾಗ ರೀಡ್ ಬರುತ್ತದೆ.

ಪೈಥಾನ್ ಬಳಸುವವರು ಇದನ್ನು ಎರಡು ಸಲ ಓದಿ. ಸೀರಿಯಲ್ ಪೋರ್ಟ್ ಲೈಬ್ರರಿಯಾದ ಪೈಸೀರಿಯಲ್‌ನ 'ರೀಡ್‌ಲೈನ್' ಒಂದೊಂದೇ ಬೈಟ್ ಓದುತ್ತದೆ. ಪ್ರತಿ ಬೈಟ್‌ಗೂ ಮೊದಲು ಒಂದು ಸೆಲೆಕ್ಟ್ (ಡೇಟಾ ಬರಲು ಕಾಯುವ ಕರೆ), ಆಮೇಲೆ ಒಂದು ರೀಡ್. ಬೈಟ್‌ಗೆ ಎರಡು ಕರೆ. ಅದರ ಮೇಲೆ ಪೈಥಾನ್ ತನ್ನದೇ ಖರ್ಚು ಹೊರಿಸುತ್ತದೆ, ಅದು ಎರಡೂ ಕರೆಗಿಂತ ಜಾಸ್ತಿ. ದಾರಿ ಸುಲಭ. 'ಎಸ್‌ಟಿಟಿವೈ' ಕಮಾಂಡಿನಿಂದ ಪೋರ್ಟನ್ನು ಕ್ಯಾನಾನಿಕಲ್‌ಗೆ ಹಾಕಿ, ಎಕೋ ತೆಗೆದು, ಪೈಥಾನ್‌ನಲ್ಲಿ ಮಾಮೂಲಿ ಫೈಲ್ ಥರ ತೆರೆದು ಸಾಲು ಸಾಲಾಗಿ ಓದಿ. ಪೈಸೀರಿಯಲ್ಲೇ ಬೇಕು ಅಂದರೆ 'ಇನ್ ವೇಟಿಂಗ್' ನೋಡಿ ಇದ್ದಷ್ಟನ್ನೂ ಒಟ್ಟಿಗೆ ಎತ್ತಿ, ನೀವೇ ಸಾಲು ಒಡೆದುಕೊಳ್ಳಿ.

ಸಮಯ ಕೇಳುವುದೂ ಒಂದು ಕರೆ, ಕೆಲವು ಬೋರ್ಡಿನಲ್ಲಿ

'ಕ್ಲಾಕ್ ಗೆಟ್‌ಟೈಮ್' ಪುಕ್ಕಟೆ ಅಂತ ಓದಿರುತ್ತೀರಿ. ವಿಡಿಎಸ್‌ಒ ಅನ್ನುವ ಉಪಾಯದಿಂದ ಕರ್ನಲ್ ಒಳಗೆ ಹೋಗದೆ ಸಮಯ ಓದಬಹುದು, ನಿಜ. 32 ಬಿಟ್ ಎಆರ್‌ಎಂಗೆ ಇದು 2015ರಲ್ಲಿ ಬಂದ ಲಿನಕ್ಸ್ 4.1ರಲ್ಲಿ ಸೇರಿತು. ಆದರೆ ಅದಕ್ಕೆ ಪ್ರೊಸೆಸರಿನಲ್ಲಿ ಎಆರ್‌ಎಂನ ಜೆನೆರಿಕ್ ಟೈಮರ್ ಇರಬೇಕು. ಕಾರ್ಟೆಕ್ಸ್-ಎ7, ಎ15, ಎ53ರಲ್ಲಿ ಇದೆ. ಎ8ರಲ್ಲಿ, ಎ9ರಲ್ಲಿ, ಮೊದಲ ರಾಸ್ಪ್‌ಬೆರಿ ಪೈ ಮತ್ತು ಪೈ ಝೀರೋದ ಎಆರ್‌ಎಂ1176ರಲ್ಲಿ ಇಲ್ಲ. ಹಾಗಾಗಿ ನನ್ನ ಬೀಗಲ್‌ಬೋನ್‌ನಲ್ಲಿ ಪ್ರತಿ ಸಲ ಸಮಯ ಕೇಳಿದಾಗಲೂ ಅದು ನಿಜವಾದ ಸಿಸ್ಟಮ್ ಕಾಲ್. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಕೋಡ್ ಬೋರ್ಡಿಗೆ ಹಾಕಿದ ಮೇಲೆ ಎಡವುವುದು ಹೀಗೇ.

ನಿಮ್ಮ ಬೋರ್ಡ್ ಯಾವ ಪಂಗಡ ಅಂತ ನೋಡಲು ಸ್ಟ್ರೇಸ್ ಪಟ್ಟಿ ಸಾಕು. ವಿಡಿಎಸ್‌ಒ ಮೂಲಕ ಹೋದ ಕರೆ ಸ್ಟ್ರೇಸ್‌ಗೆ ಕಾಣುವುದೇ ಇಲ್ಲ. ಪಟ್ಟಿಯಲ್ಲಿ ಕ್ಲಾಕ್ ಗೆಟ್‌ಟೈಮ್ ಸಾವಿರಗಟ್ಟಲೆ ಕಂಡರೆ ಅದು ಒಳಗೆ ಹೋಗಿ ಬರುತ್ತಿದೆ. ಹೊಸ 32 ಬಿಟ್ ಲೈಬ್ರರಿಗಳಲ್ಲಿ ಹೆಸರಿನ ಕೊನೆಗೆ 64 ಅಂತ ಸೇರಿರುತ್ತದೆ, ಅದೂ ಇದೇ.

ಪರಿಹಾರಕ್ಕೆ ಹೊಸ ಕೋಡ್ ಬೇಕಾಗಿಲ್ಲ, ಕೇಳುವುದನ್ನು ಬಿಟ್ಟರೆ ಸಾಕು. ಜಿಪಿಎಸ್‌ನ ಆರ್‌ಎಂಸಿ ಸಾಲಿನಲ್ಲೇ ಯುಟಿಸಿ ಸಮಯ, ತಾರೀಕು ಇದೆ ಅಲ್ವಾ? ಮತ್ತೆ ಬೋರ್ಡಿನ ಗಡಿಯಾರ ಯಾಕೆ? ಎಐಎಸ್‌ಗೆ ಸಾಲಿಗೊಂದು ಸಮಯ ಸಾಕು, ಅಕ್ಷರಕ್ಕೊಂದು ಬೇಡ. ಡೀಬಗ್ ಲಾಗ್ ಮ್ಯಾಕ್ರೋ ಒಳಗೆ ಅಡಗಿ ಕೂತ ಟೈಮ್‌ಸ್ಟಾಂಪನ್ನೂ ಹುಡುಕಿ. ಪ್ರಿಂಟ್ ಆಫ್ ಆಗಿದ್ದರೂ ಸಮಯ ಮಾತ್ರ ಕೇಳುತ್ತಲೇ ಇರುವ ಮ್ಯಾಕ್ರೋಗಳು ಬಹಳ.

ಕಾರ್ಡಿಗೆ ಬರೆಯುವುದು

ಇಲ್ಲಿ ಸಿಸ್ಟಮ್ ಕಾಲ್ ಎಣಿಸುತ್ತಾ ಕೂತರೆ ದಾರಿ ತಪ್ಪುತ್ತೀರಿ. ರೈಟ್ ಮಾಡಿದರೆ ಡೇಟಾ ಮೆಮೊರಿಯಲ್ಲೇ ಇರುವ ಕರ್ನಲ್‌ನ ಪೇಜ್ ಕ್ಯಾಶ್‌ಗೆ ಹೋಗುತ್ತದೆ, ಅಷ್ಟೇ. ಸುಮ್ನೆ ಬಿಟ್ಟರೆ 30 ಸೆಕೆಂಡ್ ಹಳೆಯದಾದ ಮೇಲೆ ಕರ್ನಲ್ ತಾನೇ ಕಾರ್ಡಿಗೆ ತಳ್ಳುತ್ತದೆ. ಎಫ್‌ಸಿಂಕ್ ಮಾಡಿದರೆ ಈಗಲೇ ತಳ್ಳು ಅಂತ ಹಠ ಹಿಡಿದ ಹಾಗಾಯಿತು. ಫೈಲ್ ಸಿಸ್ಟಮ್ ತನ್ನ ಜರ್ನಲ್ (ಬದಲಾವಣೆಗಳ ದಾಖಲೆ) ಬರೆಯಬೇಕು, ಕಾರ್ಡ್ ತನ್ನೊಳಗಿನದನ್ನು ಖಾಲಿ ಮಾಡಬೇಕು. ಮಿಲಿಸೆಕೆಂಡ್‌ಗಟ್ಟಲೆ ಹೋಗುತ್ತದೆ, ಅಗ್ಗದ ಕಾರ್ಡ್ ಆದರೆ ಇನ್ನೂ ಹೆಚ್ಚು. ಕಾರ್ಡಿನ ಆಯುಷ್ಯವೂ ಸವೆಯುತ್ತದೆ. ಒಂದು ಎಫ್‌ಸಿಂಕ್ ಉಳಿಸಿದರೆ ಸಾವಿರಾರು ರೈಟ್ ಉಳಿಸಿದಷ್ಟು.

ಆದರೆ ಬೋಟಿನಲ್ಲಿ ಯಾರೂ ಲಿನಕ್ಸ್ ಅನ್ನು ಸರಿಯಾಗಿ ಶಟ್‌ಡೌನ್ ಮಾಡುವುದಿಲ್ಲ. ಧಕ್ಕೆಗೆ (ಬೋಟ್ ನಿಲ್ಲುವ ಕಟ್ಟೆಗೆ) ಬಂದ ಕೂಡಲೇ ಮೇನ್ ಸ್ವಿಚ್ ಆಫ್. ಕೊನೆಯ ಒಂದು ನಿಮಿಷದ ಲೆಕ್ಕ ಹೋದರೆ ಅಡ್ಡಿ ಇಲ್ಲವಾ ಅಂತ ಬೋಟ್ ನಡೆಸುವ ಒಬ್ಬ ತಾಂಡೇಲರನ್ನು ಕೇಳಿದೆ. "ನಿಮಿಷ ಹೋದರೆ ಎಂತದೂ ಆಗ್ತಿಲ್ಲ ತಮಾ, ಬಲೆ ಬಿಟ್ಟ ಜಾಗ ಒಂದು ಹೋಗುದು ಬೇಡ" ಅಂದರು. ಇಡೀ ಡಿಸೈನ್ ಅವರೇ ಹೇಳಿಕೊಟ್ಟ ಹಾಗಾಯಿತು. ಈಗ ಪೆಟ್ಟಿಗೆ ಮೇಲೆ ಒಂದು ಬಟನ್ ಇದೆ. ಬಲೆ ಬಿಡುವಾಗ ಒತ್ತುತ್ತಾರೆ. ಆ ಸಾಲಿಗೆ ಕೂಡಲೇ ಎಫ್‌ಸಿಂಕ್. ಉಳಿದದ್ದಕ್ಕೆಲ್ಲ ನಿಮಿಷಕ್ಕೊಮ್ಮೆ. ನಿಮ್ಮ ಕೆಲಸದಲ್ಲೂ ಯಾವುದು ಹೋಗಬಾರದು ಅಂತ ಬಳಸುವವರನ್ನೇ ಕೇಳಿ, ಎಲ್ಲದಕ್ಕೂ ಒಂದೇ ನಿಯಮ ಇಡಬೇಡಿ.

ಸಿ ಕೋಡಿನಲ್ಲಿ ಸಾಲಿಗೊಮ್ಮೆ 'ಎಫ್‌ಫ್ಲಶ್' ಇದ್ದರೆ ತೆಗೆಯಿರಿ. ಅದಕ್ಕೂ ಎಫ್‌ಸಿಂಕ್‌ಗೂ ಸಂಬಂಧ ಇಲ್ಲ. ಅದು ಕಾರ್ಡಿಗೆ ಮುಟ್ಟಿಸುವುದಿಲ್ಲ, ಕರ್ನಲ್‌ಗೆ ಮಾತ್ರ ದಾಟಿಸುತ್ತದೆ. ಖರ್ಚು ಇದೆ, ಭದ್ರತೆ ಇಲ್ಲ. ಮಸಲ್ ಅನ್ನುವ ಚಿಕ್ಕ ಸಿ ಲೈಬ್ರರಿ ಇರುವ ಓಪನ್‌ಡಬ್ಲ್ಯೂಆರ್‌ಟಿ ಅಥವಾ ಆಲ್ಪೈನ್ ಬಳಸುತ್ತಿದ್ದರೆ ಅದರ ಸ್ಟ್ಯಾಂಡರ್ಡ್ ಬಫರ್ 1024 ಬೈಟ್ ಅಂತ ನೆನಪಿರಲಿ. 'ಸೆಟ್‌ವಿಬಫ್' ಕರೆದು 16 ಕೆಬಿ ಮಾಡಿಕೊಳ್ಳಿ. ತಪ್ಪು ತಿಳಿಸುವ ಔಟ್‌ಪುಟ್ ಆದ 'ಎಸ್‌ಟಿಡಿಎರ್‌'ಗೆ ಬಫರ್ರೇ ಇಲ್ಲ. ಅಲ್ಲಿಗೆ ಡೀಬಗ್ ಸಾಲು ಸುರಿಯುವುದನ್ನು ಬೆಂಚ್ ಮೇಲೇ ನಿಲ್ಲಿಸಿ.

ವೋಲ್ಟೇಜ್, ಆರ್‌ಪಿಎಂ, ಶೆಲ್ ಸ್ಕ್ರಿಪ್ಟ್

ಬ್ಯಾಟರಿ ವೋಲ್ಟೇಜ್ ಹತ್ತು ಸೆಕೆಂಡಿಗೊಮ್ಮೆ ಓದುತ್ತೇನೆ. ಸಿಸ್‌ಎಫ್‌ಎಸ್ ಫೈಲ್ ತೆರೆಯುವುದು, ಓದುವುದು, ಮುಚ್ಚುವುದು. ಮೂರು ಕರೆ. ಇದನ್ನು ಮುಟ್ಟಲೇ ಇಲ್ಲ, ಮುಟ್ಟುವ ಅಗತ್ಯವೂ ಇಲ್ಲ. ಸೆಕೆಂಡಿಗೆ ನೂರಾರು ಸಲ ಓದುವುದಾದರೆ ಮಾತ್ರ ಫೈಲನ್ನು ತೆರೆದೇ ಇಟ್ಟು 'ಪ್ರೀಡ್' ಬಳಸಿ, ಒಂದೇ ಕರೆ. ಅದಕ್ಕೂ ಮೀರಿದರೆ ಕರ್ನಲ್‌ನ ಸೆನ್ಸರ್ ಭಾಗವಾದ ಐಐಒದ ಬಫರ್ ಮೋಡ್. ಒಂದು ರೀಡ್‌ಗೆ ಸ್ಯಾಂಪಲ್‌ಗಳ ಗಂಟೇ ಬರುತ್ತದೆ. ಅಂದ ಹಾಗೆ ಈ ಚಿಪ್‌ನ ವೋಲ್ಟೇಜ್ ಅಳೆಯುವ ಎಡಿಸಿ ಪಿನ್‌ಗೆ 1.8 ವೋಲ್ಟ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ. ವೋಲ್ಟೇಜ್ ಇಳಿಸುವ ಡಿವೈಡರ್ ಇಲ್ಲದೆ ಬೋಟಿನ 24 ವೋಲ್ಟ್ ತಾಗಿಸಿದರೆ ಸಿಸ್ಟಮ್ ಕಾಲ್ ಚಿಂತೆ ಶಾಶ್ವತವಾಗಿ ತೀರುತ್ತದೆ.

ಆರ್‌ಪಿಎಂಗೆ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ ಪಲ್ಸ್ ತೆಗೆಯುತ್ತೇನೆ. ಸೆಕೆಂಡಿಗೆ ನೂರಾರು ಪಲ್ಸ್. ಪಿನ್ ಓದುವ ಹಳೇ ದಾರಿಯಾದ ಸಿಸ್‌ಎಫ್‌ಎಸ್ ಜಿಪಿಐಒದಲ್ಲಿ ಪ್ರತಿ ಪಲ್ಸ್‌ಗೂ ಒಂದು ಪೋಲ್, ಒಂದು ಎಲ್‌ಸೀಕ್, ಒಂದು ರೀಡ್, ಜೊತೆಗೆ ಒಂದು ಏಳುವಿಕೆ. 2016ರ ಲಿನಕ್ಸ್ 4.8ರಿಂದ ಜಿಪಿಐಒಗೆ ಕ್ಯಾರೆಕ್ಟರ್ ಡಿವೈಸ್ ಬಂದಿದೆ. ಅದರಲ್ಲಿ ಪಲ್ಸ್‌ಗಳು ಕರ್ನಲ್‌ನಲ್ಲೇ ಸಾಲುಗಟ್ಟುತ್ತವೆ, ಪ್ರತಿಯೊಂದಕ್ಕೂ ಸಮಯವನ್ನೂ ಕರ್ನಲ್ಲೇ ಬರೆದಿಟ್ಟಿರುತ್ತದೆ. ಹೊಸ ಕೋಡಿಗೆ ಅದನ್ನೇ ಬಳಸಿ. ಆದರೆ ನನಗೆ ಪ್ರತಿ ಪಲ್ಸ್ ಯಾವಾಗ ಬಂತು ಅಂತ ಬೇಡ, ಸೆಕೆಂಡಿಗೆ ಎಷ್ಟು ಅಂತ ಸಾಕು. ಅಂಥ ಎಣಿಕೆ ಹಾರ್ಡ್‌ವೇರಿನ ಕೆಲಸ. ಈ ಚಿಪ್‌ನಲ್ಲಿ ಪಿಆರ್‌ಯು ಅಂತ 200 ಮೆಗಾಹರ್ಟ್ಸ್‌ನ ಎರಡು ಪುಟ್ಟ ಕೋರ್ ಇವೆ, ಒಂದು ಇನ್‌ಸ್ಟ್ರಕ್ಷನ್‌ಗೆ 5 ನ್ಯಾನೋಸೆಕೆಂಡ್. ಲಿನಕ್ಸ್‌ನ ಹಂಗಿಲ್ಲದೆ ಎಣಿಸಿ ಒಂದು ಸಂಖ್ಯೆ ಇಟ್ಟಿರುತ್ತವೆ. ಲಿನಕ್ಸ್ ಸೆಕೆಂಡಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತದೆ.

ಒಂದು ಮಿಲಿಸೆಕೆಂಡ್ 'ಯುಸ್ಲೀಪ್' ಹಾಕಿ ಲೂಪ್ ತಿರುಗಿಸುವ ಕೋಡ್ ಎಲ್ಲಿ ಕಂಡರೂ ಕಿತ್ತುಹಾಕಿ. ಏನೂ ಕೆಲಸ ಇಲ್ಲದಾಗಲೂ ಅದು ಸೆಕೆಂಡಿಗೆ ಸಾವಿರ ಸಲ ಪ್ರೊಸೆಸರನ್ನು ಎಬ್ಬಿಸುತ್ತದೆ. ಪೋರ್ಟ್, ಬಟನ್, ಟೈಮರ್ ಎಲ್ಲವನ್ನೂ ಒಂದೇ ಇಪೋಲ್‌ಗೆ (ಹಲವಕ್ಕೆ ಒಟ್ಟಿಗೆ ಕಾಯುವ ಕರೆ) ಕಟ್ಟಿ. ಟೈಮರ್‌ಗೆ 'ಟೈಮರ್‌ಎಫ್‌ಡಿ' ಇದೆ.

ಶೆಲ್ ಸ್ಕ್ರಿಪ್ಟ್‌ನಿಂದ ಫೈಲ್ ಓದಲು ಸೆಕೆಂಡಿಗೊಮ್ಮೆ 'ಕ್ಯಾಟ್' ಕರೆಯುವವರೂ ಇದ್ದಾರೆ. ಒಂದು ಕ್ಯಾಟ್ ಅಂದರೆ ಹೊಸ ಪ್ರೋಗ್ರಾಂ ಹುಟ್ಟಿಸುವ ಫೋರ್ಕ್, ಎಕ್ಸೆಕ್, ಲೈಬ್ರರಿಗಳನ್ನು ತೆರೆದು ಮೆಮೊರಿಗೆ ಹಾಕುವುದು, ಒಟ್ಟು ಹತ್ತಾರು ಕರೆ. ಶೆಲ್ಲಿನ ಒಳಗಿನ 'ರೀಡ್'ಗೆ ಫೈಲನ್ನು ದಾರಿ ಮಾಡಿಕೊಟ್ಟರೆ ಇದ್ಯಾವುದೂ ಇಲ್ಲ. ಪೈಪ್‌ನಿಂದ ಓದುವಾಗ ಆ ರೀಡ್ ಒಂದೊಂದೇ ಬೈಟ್ ಎತ್ತುತ್ತದೆ, ಚಿಕ್ಕ ಸಿಸ್‌ಎಫ್‌ಎಸ್ ಫೈಲಿಗೆ ಮಾತ್ರ ಬಳಸಿ.

ಐಸ್ಕ್ವೇರ್‌ಸಿ (ಎರಡು ತಂತಿಯ ಬಸ್) ಸೆನ್ಸರ್ ಬಗ್ಗೆ ಒಂದೇ ಮಾತು. 100 ಕಿಲೋಹರ್ಟ್ಸ್ ಬಸ್‌ನಲ್ಲಿ ಒಂದು ಬೈಟ್ ಹೋಗುವುದಕ್ಕೇ 90 ಮೈಕ್ರೋಸೆಕೆಂಡ್ ಬೇಕು. ಅಲ್ಲಿ ಸಿಸ್ಟಮ್ ಕಾಲ್ ಉಳಿಸಿ ಏನೂ ಸಿಗುವುದಿಲ್ಲ.

ಕರ್ನಲ್ ಕಡೆ ನೋಡುವುದು

ಬೋರ್ಡ್ ಜೊತೆ ಬರುವ ಕರ್ನಲ್‌ನಲ್ಲಿ ಕೆಲವೊಮ್ಮೆ ಡೆವಲಪರ್‌ಗಳು ಬಿಟ್ಟ ಡೀಬಗ್ ಆಯ್ಕೆಗಳು ಆನ್ ಇರುತ್ತವೆ. ಪ್ರೂವ್ ಲಾಕಿಂಗ್, ಸ್ಪಿನ್‌ಲಾಕ್ ಡೀಬಗ್ ಇವೆರಡನ್ನು ಮೊದಲು ತೆಗೆಯಿರಿ. ಆಡಿಟ್ ಬಳಸದಿದ್ದರೆ ಅದನ್ನೂ. ಡಿಡಿ ಅಳತೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿದರೆ ವ್ಯತ್ಯಾಸ ಕಾಣುತ್ತದೆ.

2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷಗಳು ಹೊರಬಿದ್ದ ಮೇಲೆ ಇಂಟೆಲ್ ಮೆಶಿನ್‌ಗಳಲ್ಲಿ ಸಿಸ್ಟಮ್ ಕಾಲ್ ದುಬಾರಿಯಾಯಿತು. ಅದನ್ನು ಓದಿ ನಿಮ್ಮ ಬೋರ್ಡಿನಲ್ಲೂ ಹಾಗೇ ಅಂದುಕೊಳ್ಳಬೇಡಿ. ಎ7, ಎ53 ಎರಡಕ್ಕೂ ಅವು ತಾಗುವುದಿಲ್ಲ. ಎ8ಗೆ ಸ್ಪೆಕ್ಟರ್ ತಾಗುತ್ತದೆ, ಮೆಲ್ಟ್‌ಡೌನ್ ಇಲ್ಲ. ಹಲವು ಕರೆಗಳನ್ನು ಒಟ್ಟಿಗೆ ಕೊಡುವ ಐಒ ಯುರಿಂಗ್ ಹಾಕಲಾ ಅಂತ ಕೇಳುವವರಿಗೆ ನನ್ನ ಉತ್ತರ: ಸೆಕೆಂಡಿಗೆ ಏಳೆಂಟು ಸಾಲು ಓದುವ ಪೆಟ್ಟಿಗೆಗೆ ಬೇಡ. ನೆಟ್‌ವರ್ಕ್ ಪ್ಯಾಕೆಟ್ ಸಾವಿರಗಟ್ಟಲೆ ಬರುವುದಾದರೆ ಮೊದಲು 'ರಿಸೀವ್ ಎಂಎಂಎಸ್‌ಜಿ' ನೋಡಿ, ಒಂದು ಕರೆಗೆ ಹಲವು ಪ್ಯಾಕೆಟ್ ಸಿಗುತ್ತವೆ.

ಬೆಂಚ್ ಮೇಲೆ ಬಂದ ಲೆಕ್ಕ ಕಡಲಲ್ಲಿ ಹಾಗೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಬೋಟ್‌ಗಳೆಲ್ಲ ಒಟ್ಟಿಗೆ ಹೊರಟಾಗ ಎಐಎಸ್ ಸಾಲು ದಂಡಿಯಾಗಿ ಬರುತ್ತವೆ. ಹಾಗಾಗಿ ನನ್ನ ಪ್ರೋಗ್ರಾಂ ಗಂಟೆಗೊಮ್ಮೆ ತನ್ನದೇ ಐಒ ಮತ್ತು ಸ್ಟೇಟಸ್ ಫೈಲ್ ಓದಿ ಆ ಅಂಕಿಗಳನ್ನೂ ಲಾಗ್‌ಗೆ ಬರೆಯುತ್ತದೆ. ಬೋಟ್ ಧಕ್ಕೆಗೆ ಬಂದಾಗ ಕಾರ್ಡ್ ತೆಗೆದು ನೋಡಿದರೆ ಯಾವ ಹೊತ್ತಿಗೆ ಎಷ್ಟು ಸಲ ಎದ್ದಿತ್ತು ಅಂತ ಸಿಗುತ್ತದೆ. ಅದನ್ನು ಓದಲೂ ಓಪನ್, ರೀಡ್, ಕ್ಲೋಸ್ ಬೇಕೇ ಬೇಕು. ಗಂಟೆಗೊಮ್ಮೆ ತಾನೇ, ಇರಲಿ ಬಿಡಿ.